ಸ್ನಾರ್ಕೆಲ್ ಹಾಕಿಸಿದೆ, ನೀರು ಬೇರೆ ಕಡೆಯಿಂದ ಬಂತು: ಹದಿನಾಲ್ಕು ತಿಂಗಳ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಸ್ನಾರ್ಕೆಲ್, ಅಂದರೆ ಎಂಜಿನ್ ಗಾಳಿ ಎಳೆಯುವ ಬಾಯಿಯನ್ನು ಗಾಡಿಯ ಟಾಪ್ ಮಟ್ಟಕ್ಕೆ ಏರಿಸುವ ಕೊಳವೆ, ಚೆನ್ನಾಗಿದೆ. ಹಾಕಿಸಿ ಹದಿನಾಲ್ಕು ತಿಂಗಳಾಯಿತು. ಇಷ್ಟರಲ್ಲಿ ಹತ್ತಿರ ಹತ್ತಿರ ಮೂವತ್ತು ಸಲ ಗಾಡಿಯನ್ನು ನೀರಿಗೆ ಇಳಿಸಿದ್ದೇನೆ, ಎಂಜಿನ್ ಒಳಗೆ ಒಂದು ಹನಿ ಹೋಗಿಲ್ಲ. ಆದರೂ ಪೂರ್ತಿ ಮಾರ್ಕ್ಸ್ ಕೊಡುವುದಕ್ಕೆ ಮನಸ್ಸು ಬರುತ್ತಿಲ್ಲ. ಯಾಕೆಂದರೆ ಇದನ್ನು ಹಾಕಿಸಿದ ಎರಡನೇ ತಿಂಗಳಲ್ಲೇ ಹಿಂದಿನ ಡಿಫರೆನ್ಷಿಯಲ್‌ಗೆ (ಎರಡು ಚಕ್ರಗಳಿಗೆ ಎಂಜಿನ್ ಬಲ ಹಂಚುವ ಗೇರ್ ಪೆಟ್ಟಿಗೆಗೆ) ನೀರು ನುಗ್ಗಿತು, ಆ ರಿಪೇರಿಗೆ ಕೊಟ್ಟ ದುಡ್ಡು ಸ್ನಾರ್ಕೆಲ್ ಕಿಟ್‌ಗೆ ಕೊಟ್ಟಿದ್ದಕ್ಕಿಂತ ಜಾಸ್ತಿ ಆಯಿತು. ತಪ್ಪು ಕಿಟ್‌ನದ್ದಲ್ಲ, ನನ್ನದೇ. ಆದರೆ ಮಾರಿದವರಾಗಲಿ, ಡಬ್ಬದಲ್ಲಿ ಬಂದ ಕೈಪಿಡಿಯಾಗಲಿ ಒಂದು ಮಾತು ಹೇಳಲಿಲ್ಲ. ಸ್ನಾರ್ಕೆಲ್ ಗಾಡಿಯ ಒಂದೇ ಒಂದು ತೂತನ್ನು ಮೇಲಕ್ಕೆ ಎತ್ತುತ್ತದೆ, ಉಳಿದ ತೂತುಗಳೆಲ್ಲ ಇದ್ದಲ್ಲೇ ಇರುತ್ತವೆ.

ಕಂಪನಿ ಹೆಸರು ಬರೆಯುವುದಿಲ್ಲ. ಇದೇ ತರದ ಪ್ಲಾಸ್ಟಿಕ್ ಕಿಟ್‌ಗಳು ಹತ್ತಾರು ಸಿಗುತ್ತವೆ, ನಾನು ಹೇಳುವ ಗುಣವೂ ದೋಷವೂ ಸುಮಾರಾಗಿ ಎಲ್ಲದಕ್ಕೂ ಹೊಂದುತ್ತದೆ. ನನ್ನದು ಎರಡು ಲೀಟರ್ ಡೀಸೆಲ್ ಎಂಜಿನ್‌ನ ಫೋರ್ ಬೈ ಫೋರ್, ಮ್ಯಾನುವಲ್ ಗೇರ್, ನಿಧಾನ ವೇಗದಲ್ಲಿ ಜಾಸ್ತಿ ಬಲ ಕೊಡುವ ಲೋ ರೇಂಜ್ ಇದೆ. ಕಿಟ್‌ನ ಮೈ ಲಿನಿಯರ್ ಪಾಲಿಎಥಿಲೀನ್, ಅಂದರೆ ದೊಡ್ಡ ನೀರಿನ ಟ್ಯಾಂಕ್ ಮಾಡುವ ಅದೇ ಜಾತಿಯ ಪ್ಲಾಸ್ಟಿಕ್. ಗಟ್ಟಿ ಇದೆ, ಕೊಂಬೆ ಬಡಿದರೆ ಬಾಗುತ್ತದೆ, ಸೀಳುವುದಿಲ್ಲ. ಹದಿನಾಲ್ಕು ತಿಂಗಳ ಬಿಸಿಲಿಗೆ ಬಣ್ಣ ಸ್ವಲ್ಪವೂ ಮಾಸಿಲ್ಲ, ಅಷ್ಟರಮಟ್ಟಿಗೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಎಂಜಿನ್ ಉಸಿರಾಡುವ ಬಾಯಿ ಸಾಮಾನ್ಯವಾಗಿ ಬಾನೆಟ್ ಕೆಳಗೆ, ಹೆಡ್‌ಲೈಟ್ ಹಿಂದೆ ಎಲ್ಲೋ ಇರುತ್ತದೆ. ಸ್ನಾರ್ಕೆಲ್ ಆ ಬಾಯಿಯನ್ನು ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಮೂಲಕ ಹೊರಗೆ ತಂದು, ಮುಂದಿನ ಗಾಜಿನ ಪಕ್ಕದ ಕಂಬಕ್ಕೆ ಒರಗಿಸಿ, ಟಾಪ್ ಮಟ್ಟಕ್ಕೆ ಏರಿಸುತ್ತದೆ. ಹೆಸರು ಬಂದದ್ದು ಜಲಾಂತರ್ಗಾಮಿಗಳಿಂದ. ನೀರಿನಡಿ ಡೀಸೆಲ್ ಎಂಜಿನ್ ಓಡಿಸಲು ಡಚ್ ನೌಕಾಪಡೆಯವರು ಇಂಥ ಕೊಳವೆ ಹಾಕಿದ್ದರು, 1940ರಲ್ಲಿ ಅದು ಜರ್ಮನರ ಕೈಗೆ ಸಿಕ್ಕಿತು, ಜರ್ಮನ್ ಹೆಸರೇ ಉಳಿದುಕೊಂಡಿತು. 1944ರ ಜೂನ್‌ನಲ್ಲಿ ನಾರ್ಮಂಡಿ ದಡಕ್ಕೆ ಇಳಿದ ಜೀಪುಗಳಿಗೂ ಗಾಳಿ ಎಳೆಯುವ ಕೊಳವೆ, ಹೊಗೆ ಬಿಡುವ ಕೊಳವೆ ಎರಡನ್ನೂ ಮೇಲಕ್ಕೆ ಎತ್ತಿ ಕಟ್ಟಿದ್ದರು. ಅಂದರೆ ಇದು ಶೋಕಿಗೆ ಹುಟ್ಟಿದ ಸಾಮಾನಲ್ಲ. ಈಗ ಶೋಕಿಗೇ ಜಾಸ್ತಿ ಮಾರಾಟ ಆಗುತ್ತಿರಬಹುದು, ಅದು ಬೇರೆ ಮಾತು.

ಇದು ಯಾಕೆ ಬೇಕು? ಸಣ್ಣ ಲೆಕ್ಕ ಒಂದಿದೆ, ನಾನು ಯಾರಿಗೆ ಹೇಳಿದರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಎರಡು ಲೀಟರ್, ನಾಲ್ಕು ಸಿಲಿಂಡರ್, ಒಂದೊಂದಕ್ಕೆ 500 ಮಿಲಿ. ಡೀಸೆಲ್ ಎಂಜಿನ್‌ನ ಕಂಪ್ರೆಷನ್ 16ಕ್ಕೆ 1 ಅಂತ ಇಟ್ಟುಕೊಳ್ಳಿ, ಅಂದರೆ ಒಳಗಿನ ಗಾಳಿಯನ್ನು ಹದಿನಾರನೇ ಒಂದು ಭಾಗಕ್ಕೆ ಹಿಂಡುತ್ತದೆ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಅದರ ತಲೆಯ ಮೇಲೆ ಉಳಿಯುವ ಜಾಗ ಸುಮಾರು 33 ಮಿಲಿ. ಅಷ್ಟೇ. ಎರಡು ದೊಡ್ಡ ಚಮಚ. ಗಾಳಿಯನ್ನು ಹಿಂಡಬಹುದು, ನೀರನ್ನು ಹಿಂಡಲು ಆಗುವುದಿಲ್ಲ. ಆ ಜಾಗಕ್ಕಿಂತ ಜಾಸ್ತಿ ನೀರು ಒಂದು ಸಿಲಿಂಡರ್‌ಗೆ ಹೋದರೆ ಪಿಸ್ಟನ್ ಮೇಲೆ ಬರುವಾಗ ಗೋಡೆಗೆ ಗುದ್ದಿದ ಹಾಗೆ ನಿಲ್ಲುತ್ತದೆ, ಕೆಳಗಿನಿಂದ ಕ್ರ್ಯಾಂಕ್ ಇನ್ನೂ ತಳ್ಳುತ್ತಲೇ ಇರುತ್ತದೆ, ನಡುವೆ ಸಿಕ್ಕಿದ, ಎರಡನ್ನೂ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಲೇಬೇಕು. ಇದಕ್ಕೇ ಹೈಡ್ರೋಲಾಕ್ ಅನ್ನುವುದು. 10ಕ್ಕೆ 1 ಇರುವ ಪೆಟ್ರೋಲ್ ಎಂಜಿನ್‌ನಲ್ಲಿ ಆ ಜಾಗ 55 ಮಿಲಿ ಆಸುಪಾಸು ಬರುತ್ತದೆ, ಸ್ವಲ್ಪ ವಾಸಿ, ಆದರೆ ದೊಡ್ಡ ವ್ಯತ್ಯಾಸ ಏನಿಲ್ಲ. ಹಾಗಾಗಿ ತೊಡೆಮಟ್ಟದ ನೀರಿಗೆ ಆಗಾಗ ಇಳಿಯುವವರಿಗೆ ಸ್ನಾರ್ಕೆಲ್ ಬೇಕೇ ಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ.

ಹಾಕಿಸಿದ ದಿನದ ಕತೆ ಹೇಳಬೇಕು, ಯಾಕೆಂದರೆ ಅರ್ಧ ರಿವ್ಯೂ ಅಲ್ಲೇ ಇದೆ.

ಕಿಟ್ ಜೊತೆ ಒಂದು ಕಾಗದದ ಅಚ್ಚು ಬರುತ್ತದೆ. ಅದನ್ನು ಫೆಂಡರ್ ಮೇಲೆ ಟೇಪ್ ಹಾಕಿ ಅಂಟಿಸಿ, ಗುರುತು ಮಾಡಿ, ದೊಡ್ಡ ತೂತಿಗೆ ಹೋಲ್ ಸಾ, ಸಣ್ಣ ಬೋಲ್ಟ್ ತೂತುಗಳಿಗೆ ಮಾಮೂಲಿ ಡ್ರಿಲ್. ಮೆಕಾನಿಕ್ ಡ್ರಿಲ್ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ. "ಸಾರ್, ಒಂದ್ಸಲ ಹೊಡೆದ್ರೆ ವಾಪಸ್ ಇಲ್ಲ. ಹೊಡೀಲಾ?" ಅಂದ. ಹೊಚ್ಚ ಹೊಸ ಬಣ್ಣದ ಫೆಂಡರ್. ಹೂಂ ಅಂದೆ, ಆದರೆ ಆ ಕಡೆ ತಿರುಗಿ ನಿಂತುಕೊಂಡೆ. ಕಬ್ಬಿಣ ಕೊರೆಯುವ ಆ ಸದ್ದು, ಸುಟ್ಟ ಬಣ್ಣದ ವಾಸನೆ, ಆಮೇಲೆ ಟಣ್ ಅಂತ ಒಂದು ಬಿಲ್ಲೆ ಕೆಳಗೆ ಬಿತ್ತು. ಅಂಗೈ ಅಗಲದ ಆ ಬಿಲ್ಲೆ ಇವತ್ತಿಗೂ ನನ್ನ ಡ್ಯಾಶ್‌ಬೋರ್ಡ್ ಒಳಗೆ ಇದೆ, ಯಾಕೆ ಇಟ್ಟುಕೊಂಡಿದ್ದೇನೋ ನನಗೇ ಗೊತ್ತಿಲ್ಲ.

ಅಚ್ಚು ಸರಿಯಾಗಿ ಕೂತಿರಲಿಲ್ಲ. ಮೂರು ನಾಲ್ಕು ಮಿಲಿಮೀಟರ್ ಹೆಚ್ಚುಕಮ್ಮಿ. ಬೋಲ್ಟ್ ತೂತುಗಳನ್ನು ಅರದಿಂದ ಉಜ್ಜಿ ಅಗಲ ಮಾಡಬೇಕಾಯಿತು, ಅದಕ್ಕೇ ಒಂದು ಗಂಟೆ ಹೋಯಿತು. ಇದು ಕಿಟ್ ಮಾಡಿದವರ ತಪ್ಪು, ಬೇರೆ ಯಾರದ್ದೂ ಅಲ್ಲ. ಕೊರೆದ ಅಂಚಿಗೆ ಪ್ರೈಮರ್ ಬಳಿಯಬೇಕು ಅಂತ ಕೈಪಿಡಿಯಲ್ಲಿ ಎಲ್ಲೂ ಇಲ್ಲ. ಬಳಿಯದೆ ಬಿಟ್ಟರೆ ಒಂದು ಮಳೆಗಾಲ ಸಾಕು, ಪ್ಲಾಸ್ಟಿಕ್ ಅಡಿಯಲ್ಲಿ ಯಾರಿಗೂ ಕಾಣದ ಹಾಗೆ ತುಕ್ಕು ಹಿಡಿಯುತ್ತದೆ. ಪುಣ್ಯಕ್ಕೆ ನಮ್ಮ ಮೆಕಾನಿಕ್‌ಗೆ ತಲೆ ಇತ್ತು, ಕೇಳುವ ಮೊದಲೇ ಎರಡು ಕೋಟ್ ಹೊಡೆದ.

ಎಲ್ಲ ಜೋಡಿಸಿ ಆದ ಮೇಲೆ ಅವನೇ ಒಂದು ಪರೀಕ್ಷೆ ಮಾಡಿದ, ಅದನ್ನು ನೀವೂ ಮಾಡಲೇಬೇಕು. ಗಾಡಿ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಐಡಲ್‌ನಲ್ಲಿ ಬಿಟ್ಟು, ಮೇಲೆ ಹತ್ತಿ ಸ್ನಾರ್ಕೆಲ್ ಬಾಯಿಗೆ ಅಂಗೈ ಒತ್ತಿ ಹಿಡಿಯಬೇಕು. ಎಲ್ಲ ಜಾಯಿಂಟ್ ಗಾಳಿಬಿಗಿ ಇದ್ದರೆ ಎಂಜಿನ್ ಉಸಿರುಗಟ್ಟಿ, ಮುಕ್ಕರಿದು, ನಿಂತುಹೋಗಬೇಕು. ನನ್ನದು ನಿಲ್ಲಲಿಲ್ಲ. ಅಂಗೈಗೆ ಸ್ವಲ್ಪ ಎಳೆತ ತಿಳಿಯುತ್ತಿತ್ತು, ಅಷ್ಟೇ, ಎಂಜಿನ್ ಆರಾಮಾಗಿ ಓಡುತ್ತಲೇ ಇತ್ತು. ಅಂದರೆ ಗಾಳಿ ಬೇರೆ ಎಲ್ಲಿಂದಲೋ ಬರುತ್ತಿದೆ. ಗಾಳಿ ಬರುವ ಕಡೆಯಿಂದ ನೀರೂ ಬರುತ್ತದೆ, ಅಲ್ವಾ?

ಕಿವಿ ಇಟ್ಟು ಹುಡುಕಿದಾಗ ಏರ್ ಫಿಲ್ಟರ್ ಬಾಕ್ಸ್‌ನ ತಳದಿಂದ ಸುಂಯ್ ಅಂತ ಸದ್ದು. ಅಲ್ಲಿ ಬಾತುಕೋಳಿ ಕೊಕ್ಕಿನಂಥ ಒಂದು ಪುಟ್ಟ ರಬ್ಬರ್ ವಾಲ್ವ್ ಇರುತ್ತದೆ, ಒಳಗೆ ಸೇರಿದ ಧೂಳು ಮತ್ತು ಮಳೆನೀರು ಹೊರಗೆ ಬೀಳಲಿ ಅಂತ ಫ್ಯಾಕ್ಟರಿಯಲ್ಲೇ ಕೊಟ್ಟದ್ದು. ಟಾಪ್ ಮೇಲೆ ಮೂಗು, ಸೊಂಟದಲ್ಲಿ ತೂತು. ಅದನ್ನು ಮುಚ್ಚದೆ ನೀರಿಗೆ ಇಳಿದಿದ್ದರೆ ಸ್ನಾರ್ಕೆಲ್ ಇದ್ದೂ ಇಲ್ಲದ ಹಾಗೆ. ಇದರ ಬಗ್ಗೆ ಕೈಪಿಡಿಯಲ್ಲಿ ಒಂದು ಅಕ್ಷರ ಇಲ್ಲ. ನನ್ನ ಪ್ರಕಾರ ಈ ಕಿಟ್‌ನ ದೊಡ್ಡ ಅಪರಾಧ ಇದೇ. ವಾಲ್ವ್ ತೆಗೆದು ರಬ್ಬರ್ ಬಿರಡೆ ಹಾಕಿ ಕ್ಲಾಂಪ್ ಬಿಗಿದೆವು, ಬಾಕ್ಸ್‌ನ ಮುಚ್ಚಳದ ಅಂಚಿಗೆ ತೆಳುವಾಗಿ ಗ್ರೀಸ್ ಸವರಿದೆವು. ಮತ್ತೆ ಅಂಗೈ ಒತ್ತಿದೆ. ಎರಡೇ ಸೆಕೆಂಡ್. ಗಾಡಿ ಒಂದು ಸಲ ನಡುಗಿ ಆಫ್ ಆಯಿತು. ಎಂಜಿನ್ ಆಫ್ ಆದದ್ದಕ್ಕೆ ಅಷ್ಟು ಖುಷಿ ಪಟ್ಟದ್ದು ಜೀವನದಲ್ಲಿ ಅದೊಂದೇ ಸಲ. ಬಿರಡೆ ಹಾಕಿದ ಮೇಲೆ ಒಂದು ಕೆಲಸ ಜಾಸ್ತಿ ಆಗುತ್ತದೆ, ಜೋರು ಮಳೆಯಲ್ಲಿ ದೂರ ಓಡಿಸಿದರೆ ಬಾಕ್ಸ್ ತೆಗೆದು ತಳದಲ್ಲಿ ನೀರು ನಿಂತಿದೆಯಾ ಅಂತ ನೋಡಬೇಕು. ಸ್ನಾರ್ಕೆಲ್ ತಲೆಯಲ್ಲೇ ಮಳೆನೀರು ಇಳಿದುಹೋಗಲು ಸಣ್ಣ ಸೀಳುಗಳಿವೆ, ಬಹುಪಾಲು ಅಲ್ಲೇ ಹೋಗುತ್ತದೆ, ಆದರೂ ನೋಡುವುದು ವಾಸಿ.

ಇಷ್ಟೆಲ್ಲ ಮಾಡಿದ ಮೇಲೆ ಸಹಜವಾಗಿ ತಲೆ ತಿರುಗಿತು. ಇನ್ನು ನನ್ನ ಗಾಡಿ ಎಂಥ ನೀರಿಗೂ ಸೈ ಅನ್ನುವ ಜಂಬ.

ಗಾಡಿ ಕಂಪನಿಗಳು ಎಷ್ಟು ಆಳದ ನೀರಿಗೆ ಇಳಿಯಬಹುದು ಅಂತ ಒಂದು ಅಂಕಿ ಕೊಡುತ್ತವೆ. ಮಹೀಂದ್ರ ಥಾರ್‌ಗೆ 650 ಮಿ.ಮೀ., ಟೊಯೋಟ ಹೈಲಕ್ಸ್‌ಗೆ 700, ಫೋರ್ಡ್ ರೇಂಜರ್‌ಗೆ 800, ಏರ್ ಸಸ್ಪೆನ್ಷನ್ ಇರುವ ಹೊಸ ಲ್ಯಾಂಡ್ ರೋವರ್ ಡಿಫೆಂಡರ್‌ಗೆ 900. ಈ ಅಂಕಿ ಬರೀ ಗಾಳಿ ಎಳೆಯುವ ಬಾಯಿಯ ಎತ್ತರ ಅಲ್ಲ. ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಬ್ರೀದರ್‌ಗಳು (ಗೇರ್ ಪೆಟ್ಟಿಗೆಗಳ ಒಳಗಿನ ಗಾಳಿ ಹೋಗಿಬರುವ ಸಣ್ಣ ತೂತುಗಳು), ಬಾಗಿಲ ರಬ್ಬರ್, ಗಾಡಿ ತೇಲುವ ಮಟ್ಟ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸ್ನಾರ್ಕೆಲ್ ಹಾಕಿಸಿದ ಮಾತ್ರಕ್ಕೆ ಆ ಅಂಕಿ ಒಂದು ಮಿಲಿಮೀಟರ್ ಕೂಡ ಏರುವುದಿಲ್ಲ. ಇದು ನನಗೆ ಗೊತ್ತಾಗಿದ್ದು ಎರಡನೇ ತಿಂಗಳಲ್ಲಿ.

ಆವತ್ತು ಒಂದು ಗಂಟೆ ಗುಡ್ಡ ಹತ್ತಿ ಇಳಿದು ಬಂದಿದ್ದೆ. ಆಕ್ಸಲ್ ಮುಟ್ಟಿದರೆ ಕೈ ಸುಡುವ ಹಾಗಿತ್ತು. ನೇರ ಹೊಳೆಗೆ ಇಳಿಸಿದೆ, ಮೊಣಕಾಲಿಗಿಂತ ಸ್ವಲ್ಪ ಮೇಲೆ ನೀರು, ನಡುವೆ ಫೋಟೋಗೆ ಅಂತ ನಿಲ್ಲಿಸಿ ಐದು ನಿಮಿಷ ಪೋಸು ಬೇರೆ ಕೊಟ್ಟೆ. ಎಂಜಿನ್ ಸೊಗಸಾಗಿ ಓಡುತ್ತಿತ್ತು. ಮನೆಗೆ ಬಂದೆ, ತೊಳೆದೆ, ಮರೆತೆ. ಮೂರು ವಾರ ಆದ ಮೇಲೆ ಹಿಂದಿನಿಂದ ಊಂ ಅನ್ನುವ ಒಂದು ಸದ್ದು ಶುರುವಾಯಿತು, ವೇಗ ಏರಿದ ಹಾಗೆ ಸ್ವರವೂ ಏರುತ್ತಿತ್ತು. ಡಿಫರೆನ್ಷಿಯಲ್‌ನ ಡ್ರೈನ್ ಬೋಲ್ಟ್ ಬಿಚ್ಚಿದಾಗ ಮೊದಲು ಬಂದದ್ದು ಆಯಿಲ್ ಅಲ್ಲ, ನೀರು. ಒಂದು ಲೋಟದಷ್ಟು ಬರೀ ನೀರು. ಅದರ ಹಿಂದೆ ಹಾಲು ಬೆರೆಸಿದ ಹಾಗೆ ಬೆಳ್ಳಗಿನ ನೊರೆ ನೊರೆ ಆಯಿಲ್ ದಪ್ಪಗೆ ಇಳಿಯಿತು. ಬೇರಿಂಗ್ ಮೇಲೆ ಕಂದು ಚುಕ್ಕೆಗಳು.

ಆದದ್ದು ಇಷ್ಟು. ಡಿಫರೆನ್ಷಿಯಲ್ ಒಳಗಿನ ಗಾಳಿ ಬಿಸಿಗೆ ಹಿಗ್ಗುತ್ತದೆ, ಆ ಒತ್ತಡ ಹೊರಹೋಗಲಿ ಅಂತ ಆಕ್ಸಲ್ ಮೇಲೆ ಹೆಬ್ಬೆರಳ ಉಗುರಿನಷ್ಟು ಒಂದು ಬ್ರೀದರ್ ಇರುತ್ತದೆ. ಬಿಸಿ ಆಕ್ಸಲ್ ತಣ್ಣೀರಿಗೆ ಬಿದ್ದ ಕೂಡಲೇ ಒಳಗಿನ ಗಾಳಿ ಸಟ್ಟನೆ ಕುಗ್ಗುತ್ತದೆ. ಕುಗ್ಗಿದ ಜಾಗ ತುಂಬಬೇಕಲ್ಲ, ಅದು ಹೊರಗಿನಿಂದ ಎಳೆಯುತ್ತದೆ. ಹೊರಗೆ ಇರುವುದು ನೀರು. ಬ್ರೀದರ್ ಮೂಲಕ ಅಥವಾ ಆಯಿಲ್ ಸೀಲ್‌ನ ತುಟಿ ದಾಟಿ, ಹೇಗೋ ಒಳಗೆ ಬರುತ್ತದೆ. ನಾನಂತೂ ಐದು ನಿಮಿಷ ನಿಲ್ಲಿಸಿ, ಬಾರಪ್ಪಾ ಅಂತ ಕರೆದ ಹಾಗೆ ಮಾಡಿದ್ದೆ.

ಪರಿಹಾರ ಎಷ್ಟು ಸುಲಭ ಅಂದರೆ ಸಿಟ್ಟು ಬರುತ್ತದೆ. ಬ್ರೀದರ್ ಮೇಲಿನ ಟೋಪಿ ತೆಗೆದು, ಅಲ್ಲಿಗೆ ಆಯಿಲ್‌ಗೆ ತಡೆಯುವ ಸಣ್ಣ ಪೈಪ್ ಜೋಡಿಸಿ, ಅದನ್ನು ಬಾನೆಟ್ ಒಳಗೆ ಎತ್ತರದ ಜಾಗಕ್ಕೆ ಒಯ್ದು, ತುದಿಗೆ ಪುಟ್ಟ ಫಿಲ್ಟರ್ ಹಾಕುವುದು. ಮುಂದಿನ ಡಿಫರೆನ್ಷಿಯಲ್, ಹಿಂದಿನದು, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಬಲ ಹಂಚುವ ಪೆಟ್ಟಿಗೆ), ನಾಲ್ಕಕ್ಕೂ ಮಾಡಿಸಿದೆ. ಅರ್ಧ ದಿನದ ಕೆಲಸ. ಖರ್ಚು ಸ್ನಾರ್ಕೆಲ್‌ನ ಹತ್ತನೇ ಒಂದು ಭಾಗವೂ ಆಗಲಿಲ್ಲ. ಒಂದೇ ಎಚ್ಚರಿಕೆ, ಚಕ್ರ ಏರಿ ಇಳಿಯುವಾಗ ಪೈಪ್ ಎಳೆದು ಕಿತ್ತುಬರದ ಹಾಗೆ ಸ್ವಲ್ಪ ಸಡಿಲ ಬಿಡಬೇಕು. ಈಗ ಯಾರಾದರೂ ಸ್ನಾರ್ಕೆಲ್ ಬಗ್ಗೆ ಕೇಳಿದರೆ ಮೊದಲು ಬ್ರೀದರ್ ಮಾಡಿಸಿದ್ದೀರಾ ಅಂತ ಕೇಳುತ್ತೇನೆ. ಇಲ್ಲ ಅಂದರೆ ಅಲ್ಲಿಗೇ ಮಾತು ಮುಗಿಸುತ್ತೇನೆ, ಬ್ರೀದರ್ ಇಲ್ಲದ ಸ್ನಾರ್ಕೆಲ್ ಅಂದರೆ ಮೂಗಿಗಿಂತ ಮೂಗುತಿ ಭಾರ.

ಈಗ ನೀರಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅನ್ನುವ ವಿಷಯ. ಇತ್ತೀಚಿನ ಒಂದು ದಾಟುವಿಕೆಯನ್ನೇ ಹೇಳುತ್ತೇನೆ.

ಹೊಳೆ ಇಪ್ಪತ್ತು ಮೀಟರ್ ಅಗಲ ಇದ್ದಿರಬಹುದು, ನೀರು ತಿಳಿಯಾಗಿತ್ತು, ಹರಿವು ನಿಧಾನ. ಮೊದಲು ಕೋಲು ಹಿಡಿದು ನಾನೇ ನಡೆದು ದಾಟಿದೆ. ನಡೆಯಲು ಹೆದರಿಕೆ ಆಗುವ ನೀರಿಗೆ ಗಾಡಿ ಇಳಿಸಬಾರದು, ಇದಕ್ಕೆ ನಾನು ರಿಯಾಯಿತಿ ಕೊಡುವುದಿಲ್ಲ. ಎಡಗಡೆ ಒಂದು ಗುಂಡಿ, ಕೋಲು ಸೊಂಟದುದ್ದ ಇಳಿಯಿತು. ಬಲಗಡೆ ತೊಡೆಯ ನಡುವಿನವರೆಗೆ ನೀರು, ಕೆಳಗೆ ಮುಷ್ಟಿ ಗಾತ್ರದ ಕಲ್ಲು, ಗಟ್ಟಿ ನೆಲ. ಆಚೆ ದಡದಲ್ಲಿ ಹತ್ತುವ ಜಾಗಕ್ಕೆ ಗುರುತಾಗಿ ಒಂದು ಕೆಂಪು ಬಟ್ಟೆ ಕಟ್ಟಿ ಬಂದೆ. ನೀರಿನ ಮೇಲಿಂದ ನೋಡುವಾಗ ದಾರಿ ತಪ್ಪಿಹೋಗುತ್ತದೆ, ಕಣ್ಣು ಹರಿವಿನ ಜೊತೆ ಜಾರುತ್ತದೆ. ಆಕ್ಸಲ್ ತಣ್ಣಗಾಗಲಿ ಅಂತ ಹತ್ತು ನಿಮಿಷ ಕಾದೆ. ಹಿಂದಿನ ಹುಕ್‌ಗೆ ಹಗ್ಗ ಮೊದಲೇ ಹಾಕಿ ಬಾಗಿಲ ಹಿಡಿಗೆ ಸುತ್ತಿಟ್ಟೆ. ಗಾಡಿ ನಿಂತುಹೋದ ಮೇಲೆ ನೀರಲ್ಲಿ ಮುಳುಗಿ ಹುಕ್ ತಡಕುವ ಗೋಳು ಬೇಡ. ಕಿಟಕಿ ಇಳಿಸಿದೆ, ಸೀಟ್ ಬೆಲ್ಟ್ ಬಿಚ್ಚಿದೆ, ಎಸಿ ಆಫ್. ಎಸಿ ಆನ್ ಇದ್ದರೆ ಫ್ಯಾನ್ ತಿರುಗುತ್ತಲೇ ಇರುತ್ತದೆ, ತಿರುಗುವ ಫ್ಯಾನ್ ನೀರು ಹೊಡೆದರೆ ಎಲೆಗಳು ಮುಂದಕ್ಕೆ ಬಾಗಿ ರೇಡಿಯೇಟರ್ ಕತ್ತರಿಸಿದ ಉದಾಹರಣೆಗಳಿವೆ.

ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ, ಲೋ ರೇಂಜ್), ಎರಡನೇ ಗೇರ್. ಮೆಲ್ಲಗೆ ಇಳಿಸಿದೆ, ನೀರು ಬಂಪರ್ ಮುಟ್ಟಿದ ಮೇಲೆ ಸ್ವಲ್ಪ ಕಾಲು ಒತ್ತಿದೆ. ಆಗ ಮುಂದೆ ಒಂದು ಅಲೆ ಏಳುತ್ತದೆ, ದೋಣಿಯ ಮೂತಿಯ ಮುಂದೆ ಏಳುವಂಥದ್ದು. ಆ ಅಲೆಯ ಹಿಂದೆ, ಬಾನೆಟ್ ಅಡಿಯಲ್ಲಿ, ನೀರಿನ ಮಟ್ಟ ತಗ್ಗುತ್ತದೆ. ಆಟ ಇರುವುದೇ ಇಲ್ಲಿ. ಅಲೆಯನ್ನು ಹಿಂದೆ ಹಾಕಬಾರದು, ಅದು ನಿಮ್ಮನ್ನು ಬಿಟ್ಟು ಓಡಬಾರದು, ಅದರ ಬೆನ್ನಿಗೇ ಅಂಟಿಕೊಂಡು ಹೋಗಬೇಕು. ವೇಗ ಗಂಟೆಗೆ ಐದಾರು ಕಿಲೋಮೀಟರ್, ಮನುಷ್ಯ ಬಿರುಸಾಗಿ ನಡೆದಷ್ಟು. ನೀರಿಗೆ ಧುಮುಕಿ ಎರಡೂ ಕಡೆ ರೆಕ್ಕೆ ಹಾರಿಸುವುದು ವಿಡಿಯೋಗೆ ಚಂದ, ಆ ನೀರು ಬಾನೆಟ್ ಮೇಲೆ ಹತ್ತಿ ಎಲ್ಲ ಕಡೆ ನುಗ್ಗುತ್ತದೆ. ಕ್ಲಚ್ ಮುಟ್ಟಲೇಬಾರದು. ಒತ್ತಿದರೆ ಪ್ಲೇಟ್ ನಡುವೆ ನೀರು ಸೇರಿ ಜಾರಲು ಶುರುವಾಗಬಹುದು. ಹಳೆಯ ಡಿಫೆಂಡರ್‌ಗಳಲ್ಲಿ ಕ್ಲಚ್ ಹೌಸಿಂಗ್ ತಳದ ತೂತಿಗೆ ತಿರುಗಿಸಿ ಹಾಕಲು ಒಂದು ವೇಡಿಂಗ್ ಪ್ಲಗ್, ಅಂದರೆ ನೀರಿಗೆ ಇಳಿಯುವಾಗ ಹಾಕುವ ಬಿರಡೆ, ಕೊಡುತ್ತಿದ್ದರು, ಅಂಥ ಬುದ್ಧಿವಂತಿಕೆ ಈಗಿನ ಗಾಡಿಗಳಲ್ಲಿ ಕಡಿಮೆ.

ನಡುವೆ ಬಂದಾಗ ಸ್ನಾರ್ಕೆಲ್ ಸದ್ದು ಕಿವಿಗೆ ಸ್ಪಷ್ಟವಾಗಿ ಕೇಳಿಸಿತು, ಹೂಸ್ ಹೂಸ್ ಅಂತ ದೊಡ್ಡ ಪ್ರಾಣಿ ಉಸಿರಾಡುವ ಹಾಗೆ. ನಿಜ ಹೇಳಬೇಕೆಂದರೆ ಆ ಸದ್ದು ಕೇಳಿದರೆ ಧೈರ್ಯ ಬರುತ್ತದೆ. ಅದೇ ಹೊತ್ತಿಗೆ ಸ್ಟೀರಿಂಗ್ ಹಗುರವಾಯಿತು, ಹಿಂದಿನ ಭಾಗ ಒಂದು ಅಡಿ ಕೆಳಹರಿವಿನ ಕಡೆ ಸರಿಯಿತು. ಧೈರ್ಯ ಬಂದಷ್ಟೇ ಬೇಗ ಹೋಯಿತು.

ಇದರ ಲೆಕ್ಕವೂ ಸುಲಭ. ಕೂರುವ ಭಾಗದ ತಳವನ್ನು ಎರಡೂವರೆ ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ ಅಂದುಕೊಳ್ಳಿ. ಆ ತಳಕ್ಕಿಂತ 10 ಸೆಂ.ಮೀ. ಮೇಲೆ ನೀರು ಬಂದು, ಒಳಗೆ ಇನ್ನೂ ನುಗ್ಗದಿದ್ದರೆ, ನೀರು ಗಾಡಿಯನ್ನು ಸುಮಾರು 375 ಕೆಜಿ ಮೇಲಕ್ಕೆ ಎತ್ತುತ್ತದೆ. 30 ಸೆಂ.ಮೀ. ಬಂದರೆ ಸಾವಿರದ ನೂರು ಕೆಜಿಗೂ ಜಾಸ್ತಿ. ಎರಡು ಟನ್ ಗಾಡಿಯ ಅರ್ಧಕ್ಕಿಂತ ಹೆಚ್ಚು ತೂಕ ಟೈರ್ ಮೇಲೆ ಇರುವುದೇ ಇಲ್ಲ. ಟೈರ್‌ಗೆ ಹಿಡಿತ ಇಲ್ಲದ ಗಾಡಿಯನ್ನು ಹರಿಯುವ ನೀರು ಪಕ್ಕದಿಂದ ತಳ್ಳುತ್ತಿರುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ಬಾಗಿಲ ರಬ್ಬರ್ ಚೆನ್ನಾಗಿರುವ ಹೊಸ ಗಾಡಿಯೇ ಬೇಗ ತೇಲುವುದು, ಸೋರುವ ಹಳೇ ಜೀಪು ಒಳಗೆ ನೀರು ತುಂಬಿಸಿಕೊಂಡು ನೆಲ ಕಚ್ಚಿ ನಿಲ್ಲುತ್ತದೆ. ತಮಾಷೆ ಅಲ್ಲ, ತೀರಾ ಆಳದಲ್ಲಿ ತಳದ ರಬ್ಬರ್ ಬಿರಡೆ ತೆಗೆದು ಬೇಕೆಂದೇ ನೀರು ಒಳಗೆ ಬಿಡುವವರಿದ್ದಾರೆ. ಕಂದು ಬಣ್ಣಕ್ಕೆ ತಿರುಗಿ ಕೊಂಬೆ ಕಸ ಹೊತ್ತು ಬರುವ ನೀರಿಗೆ ಸ್ನಾರ್ಕೆಲ್ ಇರಲಿ, ಏನೇ ಇರಲಿ, ಇಳಿಯಬೇಡಿ.

ಅವತ್ತು ಸ್ಟೀರಿಂಗ್ ತುಸು ಕೆಳಹರಿವಿನ ಕಡೆಗೇ ಕೊಟ್ಟು, ಕಾಲು ಎತ್ತದೆ, ಕೆಂಪು ಬಟ್ಟೆ ನೋಡಿಕೊಂಡು ದಾಟಿದೆ. ಮೇಲೆ ಹತ್ತಿದ ಮೇಲೆ ಬ್ರೇಕ್ ಒತ್ತಿದರೆ ಇಲ್ಲವೇ ಇಲ್ಲ, ನೆಂದ ಬ್ರೇಕ್. ಸ್ವಲ್ಪ ದೂರ ಎಡಗಾಲಲ್ಲಿ ಬ್ರೇಕ್ ಮೆಲ್ಲಗೆ ಒತ್ತಿಕೊಂಡೇ ಓಡಿಸಿ ಒಣಗಿಸಬೇಕು. ಆಮೇಲೆ ಏರ್ ಫಿಲ್ಟರ್ ತೆಗೆದು ಮುಟ್ಟಿ ನೋಡಿದೆ. ಒಣಗಿತ್ತು. ಡಿಫರೆನ್ಷಿಯಲ್ ಆಯಿಲ್ ಮರುದಿನ ನೋಡಿದೆ, ಜೇನಿನ ಬಣ್ಣ, ಶುದ್ಧ.

ನೀರಿನ ನಡುವೆ ಎಂಜಿನ್ ನಿಂತುಹೋದರೆ? ಸೆಲ್ಫ್ ಹೊಡೆಯಬೇಡಿ. ಕೈ ತುರಿಸುತ್ತದೆ, ಗೊತ್ತು. ಒಳಗೆ ನೀರು ಹೋಗಿ ನಿಂತಿದ್ದರೆ ಮೊದಲ ಸಲಕ್ಕೆ ಅದೃಷ್ಟದಿಂದ ಬಚಾವಾದ ರಾಡ್ ಆ ಸೆಲ್ಫ್‌ಗೆ ಬಾಗಬಹುದು. ಎಳೆಸಿಕೊಂಡು ಹೊರಗೆ ಬನ್ನಿ, ಫಿಲ್ಟರ್ ನೋಡಿ. ಫಿಲ್ಟರ್ ಒದ್ದೆ ಇದ್ದರೆ ಇಂಜೆಕ್ಟರ್ ಅಥವಾ ಗ್ಲೋ ಪ್ಲಗ್ ಬಿಚ್ಚಿಸಿ, ಎಂಜಿನ್ ಕೈಯಲ್ಲಿ ತಿರುಗಿಸಿ ನೀರು ಹೊರಹಾಕಿಸಿ, ಆಮೇಲೆ ಸ್ಟಾರ್ಟ್ ಮಾತು.

ದಿನನಿತ್ಯದ ಓಡಾಟದಲ್ಲಿ ಸ್ನಾರ್ಕೆಲ್‌ನಿಂದ ನಿಜವಾಗಿ ಸಿಕ್ಕ ಲಾಭ ನೀರಿನದಲ್ಲ, ಧೂಳಿನದು. ಮುಂದಿನ ಗಾಡಿ ಎಬ್ಬಿಸಿದ ಧೂಳು ಟಾಪ್ ಮಟ್ಟದಲ್ಲಿ ಕಡಿಮೆ ಇರುತ್ತದೆ. ಮೊದಲು ಫಿಲ್ಟರ್ ಕುಟ್ಟಿದರೆ ಹಿಟ್ಟು ಉದುರಿದ ಹಾಗೆ ಮಣ್ಣು ಉದುರುತ್ತಿತ್ತು, ಈಗ ಅದೇ ದಾರಿಗಳಲ್ಲಿ ಅರ್ಧವೂ ಇಲ್ಲ. ಇದಕ್ಕೆ ಒಂದು ಪೂರ್ತಿ ನಕ್ಷತ್ರ. ಆದರೆ ಡಬ್ಬದ ಮೇಲೆ ಗಾಳಿ ಒತ್ತಿಬಂದು ಪವರ್ ಜಾಸ್ತಿ ಆಗುತ್ತದೆ ಅಂತ ದೊಡ್ಡದಾಗಿ ಬರೆದಿದ್ದಾರಲ್ಲ, ಅದು ಬರೀ ಬುರುಡೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಎದುರು ಗಾಳಿಯ ಒತ್ತಡ 300 ಪ್ಯಾಸ್ಕಲ್ ಹತ್ತಿರ, ಅಂದರೆ ವಾತಾವರಣದ ಒತ್ತಡದಲ್ಲಿ ಶೇ. 0.3. ಅಷ್ಟರಿಂದ ಏನು ಪವರ್ ಬರುತ್ತದೆ? ಮೈಲೇಜ್‌ನಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ, ಮೇಲಕ್ಕೂ ಇಲ್ಲ ಕೆಳಕ್ಕೂ ಇಲ್ಲ. ಕಿಟಕಿ ತೆಗೆದು ಓಡಿಸಿದರೆ ಟರ್ಬೋ ಸಿಳ್ಳೆ ಕಿವಿ ಪಕ್ಕದಲ್ಲೇ. ನನಗೆ ಇಷ್ಟ, ಮನೆಯವರಿಗೆ ಇಷ್ಟ ಇಲ್ಲ. ತಿರುವಿನಲ್ಲಿ ಆ ಕಡೆಯ ನೋಟ ಸ್ವಲ್ಪ ಮರೆಯಾಗುತ್ತದೆ, ಒಂದು ವಾರದಲ್ಲಿ ರೂಢಿಯಾಗುತ್ತದೆ.

ಒಟ್ಟು ಐದಕ್ಕೆ ಮೂರೂವರೆ. ಅರ್ಧ ಕಳೆದದ್ದು ಅಚ್ಚಿಗೆ, ಒಂದು ಕಳೆದದ್ದು ಆ ರಬ್ಬರ್ ವಾಲ್ವ್ ಬಗ್ಗೆ ಬಾಯಿ ಬಿಡದ ಕೈಪಿಡಿಗೆ. ವರ್ಷಕ್ಕೆ ಒಂದು ಸಲ ಮೊಣಕಾಲುದ್ದ ನೀರು ದಾಟುವವರು ಬ್ರೀದರ್ ಪೈಪ್ ಮಾತ್ರ ಹಾಕಿಸಿ, ಫೆಂಡರ್ ಉಳಿಸಿಕೊಳ್ಳಿ. ತೊಡೆಮಟ್ಟದ ನೀರು ಅಥವಾ ವಾರಗಟ್ಟಲೆ ಧೂಳು ದಾರಿ ಇರುವವರು ಎರಡನ್ನೂ ಹಾಕಿಸಿ, ಬ್ರೀದರ್ ಮೊದಲು.

ಕಿಟ್ ಜೊತೆ ಬರುವ ಹೋಸ್ ಕ್ಲಾಂಪ್‌ಗಳನ್ನು ಮಾತ್ರ ಮೊದಲ ದಿನವೇ ಎಸೆದು ಸ್ಟೇನ್‌ಲೆಸ್ ಸ್ಟೀಲ್‌ನವು ಹಾಕಿ. ನನ್ನವು ಎಂಟನೇ ತಿಂಗಳಿಗೆ ತುಕ್ಕು ಹಿಡಿದು, ಸ್ಕ್ರೂಡ್ರೈವರ್ ಇಟ್ಟ ಕೂಡಲೇ ಒಂದು ಮುರಿದು ಕೈಗೆ ಬಂತು.